ದಕ್ಷಿಣಾಭಿಮುಖ

ಪ್ರೇಮಕುಮಾರಿ ಸೇಡು ತೀರಿಸಿಕೊಳ್ಳಲಿಕ್ಕೇ ಬಂದಿದ್ದಾಳೆ ಎಂಬುದರಲ್ಲಿ ಮಲ್ಲಿಕಾರ್ಜುನಪ್ಪನಿಗೆ ಅನುಮಾನವಿರಲಿಲ್ಲ. ಹೇಗೆ ತೀರಿಸಿಕೊಳ್ಳುತ್ತಾಳೆ ಎಂಬುದೊಂದೇ ಹೊಳೆಯದೆ, ಮೂಡಿಗೆರೆಯ ಬಾಡಿಗೆ ಮನೆಯ ಬಚ್ಚಲಲ್ಲಿ ಬೆಳಗಿನ ಐದು ಗಂಟೆಗೆ ಗಡ್ಡ ಕೆರೆಯುತ್ತ ಗಲ್ಲ ಕುಯ್ದುಕೊಂಡ. ರಕ್ತ ನಿಲ್ಲಲೆಂದು ಅಂಟಿಸಿದ ಪೇಪರಿನ ಚೂರು ಜೀಪು ಹತ್ತುವಾಗಲೂ ಗಲ್ಲದ ಮೇಲೇ ಇತ್ತು. ಅವಳು ನೋಡಿದಳು, ಏನೂ ಹೇಳಲಿಲ್ಲ. ಹೇಳದೆ ಬಿಟ್ಟದ್ದೇ ಮೊದಲನೇ ಏಟು ಎಂದುಕೊಂಡು ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿ ಕೂತ. ಮುಂದೆ ಡ್ರೈವರ್ ಫಜಲುಲ್ಲಾನ ಪಕ್ಕದಲ್ಲಿ ಕೂತ ಅವಳು, ಕಾಲೇಜಿನಲ್ಲಿ ತನ್ನ ಎದುರು ಎದ್ದು ನಿಂತು ಹಾಜರಿ ಹೇಳುತ್ತಿದ್ದವಳು, ಈಗ ಬರೋಡಾದಲ್ಲಿದ್ದು ಕಲಾವಿದೆಯಾಗಿ ಹೆಸರು ಮಾಡಿದವಳು, ಡ್ಯಾಶ್‌ಬೋರ್ಡಿನ ಮೇಲೆ ಎರಡೂ ಕಾಲು ಚಾಚಿ ಬಾಳೆಹಣ್ಣು ತಿನ್ನುತ್ತಿದ್ದಳು.

ಹನ್ನೆರಡು ವರ್ಷದ ಹಿಂದೆ, ಎರಡನೇ ಬಿ.ಎ. ಕ್ಲಾಸಿನಲ್ಲಿ, ಶಿಲಾಯುಗದ ಪಾಠದ ಮಧ್ಯೆ ಹುಡುಗಿಯರ ಮೂರನೇ ಬೆಂಚಿನಿಂದ ಮುಸಿಮುಸಿ ನಗು ಕೇಳಿ ಹೋಗಿ ಒಂದು ನೋಟ್ ಪುಸ್ತಕ ಕಿತ್ತುಕೊಂಡಿದ್ದ. ಅದರಲ್ಲಿ ಅವನೇ ಇದ್ದ. ಮೈತುಂಬ ಕೂದಲು, ಸೊಂಟಕ್ಕೆ ಕೆಸುವಿನೆಲೆ, ಕೈಯಲ್ಲಿ ಕಲ್ಲುಕೊಡಲಿಯ ಬದಲು ಹಾಜರಿ ಪುಸ್ತಕ, ಕೆಳಗೆ ಮುತ್ತಿನಂಥ ಅಕ್ಷರದಲ್ಲಿ 'ಎಂ.ಎ., ಎಂ.ಫಿಲ್.' ಚಿತ್ರ ಚೆನ್ನಾಗಿತ್ತು; ಹೊಟ್ಟೆಯ ಆಕಾರವಂತೂ ಅವನ ಹೆಂಡತಿಯೂ ಗುರುತಿಸುವಷ್ಟು ಕರಾರುವಾಕ್ಕಾಗಿತ್ತು. ಅದೇ ತಡೆಯಲಾಗಲಿಲ್ಲ. ಹಾಳೆಯನ್ನು ಪುಸ್ತಕದಿಂದ ಕಿತ್ತ, ಇಡೀ ಕ್ಲಾಸಿನ ಎದುರು ಚಿತ್ರವನ್ನು ಹರಿದು ಚೂರು ಮಾಡಿ ಕಿಟಕಿಯಾಚೆ ಎಸೆದ, "ಕಾಫಿ ಕುಯ್ಲಿಕ್ಕೆ ಹೋಗು, ನಿನ್ನಂಥೋರಿಗಲ್ಲ ಕಾಲೇಜು" ಅಂದ. ಕ್ಲಾಸು ಹೋ ಎಂದು ನಕ್ಕಿತು. ಆ ನಗುವಿನ ರುಚಿ ಒಂದು ಗಂಟೆ ಇತ್ತು, ಆಮೇಲೆ ಹುಳಿಯಾಯಿತು. ಏಳು ವರ್ಷ ಕಳೆದು ಭಾನುವಾರದ ಪುರವಣಿಯಲ್ಲಿ ಪ್ರೇಮಕುಮಾರಿಯ ಫೋಟೋ ಬಂದಾಗ, ಇವಳು ಅದೇ ಬೆಂಚಿನವಳಲ್ಲವೇ ಎಂದು ಎದೆ ಧಸಕ್ಕೆಂದಿತ್ತು. ಆವತ್ತಿನಿಂದ ಆ ತಪ್ಪು ಅವನೊಳಗೆ ಒಂದು ಜಾಗ ಮಾಡಿಕೊಂಡು, ಕ್ರಮೇಣ ಮರ್ಯಾದಸ್ಥನಂತೆ ವಾಸಿಸತೊಡಗಿತು. ಸ್ಟಾಫ್‌ರೂಮಿನಲ್ಲಿ ಅದರ ಕಥೆ ಹೇಳುತ್ತಿದ್ದ: "ಒಬ್ಬ ಕಲಾವಿದೆ ಹುಟ್ಬೇಕಾದ್ರೆ ಒಬ್ಬ ಮೂರ್ಖ ಮೇಷ್ಟ್ರು ಬೇಕು ಕಣ್ರೀ." ಎಲ್ಲರೂ ತಲೆದೂಗುತ್ತಿದ್ದರು. ಪಶ್ಚಾತ್ತಾಪ ಪಡುವಾಗ ತನ್ನ ಮುಖ ಹೇಗೆ ಕಾಣುತ್ತದೆಂದೂ ಅವನಿಗೆ ಗೊತ್ತಿತ್ತು. ಶಾಲು ಹೊದಿಸಿಕೊಂಡವರ ಮುಖದ ಹಾಗೆ, ತುಸು ಎಡಕ್ಕೆ ವಾಲಿದ್ದು.

ಈಗ ಆ ಕಲಾವಿದೆಯೇ ಕಾಗದ ಬರೆದಿದ್ದಳು. ನೆನಪು, ನೆಲ, ಪುರಾತನ ಕಾಲ ಇವುಗಳ ಬಗ್ಗೆ ಏನೋ ಕೆಲಸ ಮಾಡುತ್ತಿದ್ದಾಳಂತೆ, ಸಂಸೆಯ ಮೇಲಿನ ಗುಡ್ಡದ ಮೋರಿಯರ ಮನೆ ತೋರಿಸಬೇಕಂತೆ. 'ನಿಮ್ಮ ಜ್ಞಾನದ ಜತೆಗೆ ನಿಮ್ಮ ದೇಹವೂ ಬೇಕಾಗಬಹುದು ಸರ್' ಎಂಬ ಕೊನೆಯ ಸಾಲನ್ನು ಹೆಂಡತಿ ಸಾವಿತ್ರಮ್ಮ ಎರಡು ಸಲ ಓದಿ, "ಯಾವ ಬ್ಯಾಚಿನ ಸ್ಟೂಡೆಂಟು ಇದು?" ಎಂದು ಕೇಳಿದ್ದಳು. ಅವನು ನಾಲ್ಕು ಸಲ ಓದಿದ್ದ. ಮುಳ್ಳು ಎಲ್ಲಿದೆ ಎಂದು ಹುಡುಕುತ್ತ.

ಕೊಟ್ಟಿಗೆಹಾರ ದಾಟುವಾಗ ಬೆಳಕು ಹರಿಯಿತು. ಮಾರ್ಚಿನ ಮೊದಲ ಮಳೆ ಬಿದ್ದು ಎಂಟು ದಿನವಾಗಿತ್ತು, ಎರಡೂ ಕಡೆ ಕಾಫಿ ಗಿಡ ಬೆಳ್ಳಗೆ ಹೂಬಿಟ್ಟು ಮಲ್ಲಿಗೆ ಸುರಿದಂತೆ ಗಮಗಮ ಅನ್ನುತ್ತಿತ್ತು. ಇಪ್ಪತ್ತು ವರ್ಷ ಈ ಸೀಮೆಯಲ್ಲಿ ಅನ್ನ ತಿಂದರೂ ಕಡೂರಿನ ಬಯಲಲ್ಲಿ ಹುಟ್ಟಿದ ಮಲ್ಲಿಕಾರ್ಜುನಪ್ಪನಿಗೆ ಈ ವಾಸನೆಗೆ ತಲೆನೋವು ಬರುತ್ತಿತ್ತು. ಕಿಟಕಿಯ ಟಾರ್ಪಾಲು ಇಳಿಸಲು ಹೇಳಿದ.

"ಕಾಫಿ ಹೂವಿಗೆ ತಲೆನೋವು ಅಂತ ಜೋರಾಗಿ ಹೇಳ್ಬೇಡಿ ಸಾರ್," ಅಂದ ಫಜಲುಲ್ಲಾ. ಅವನು ಮೂಡಿಗೆರೆಯಲ್ಲಿ ಗ್ಯಾರೇಜು ಇಟ್ಟವನು, ಬಾಡಿಗೆಗೂ ಹೋಗುವವನು. "ಪ್ಲಾಂಟರ್‌ಗಳ ಕಿವಿಗೆ ಬಿದ್ರೆ ನಿಮ್ಮನ್ನ ಜಿಲ್ಲೆಯಿಂದಲೇ ಹೊರಗೆ ಹಾಕ್ತಾರೆ."

"ಸರ್, ನಿಮ್ಮ ಲೇಖನ ಏನು ಹೇಳುತ್ತೆ, ಸ್ವಲ್ಪ ಹೇಳಿ," ಎಂದಳು ಪ್ರೇಮಕುಮಾರಿ, ಹಿಂದೆ ತಿರುಗಿ.

ಇದೊಂದು ವಿಷಯದಲ್ಲಿ ಅವನಿಗೆ ಧೈರ್ಯವಿತ್ತು. ಬೆನ್ನು ನೆಟ್ಟಗೆ ಮಾಡಿದ. ಮೋರಿಯರ ಮನೆ ಅಂದರೆ ಮನೆಯಲ್ಲ, ಗೋರಿ. ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ, ಮೂರು ಸಾವಿರ ವರ್ಷದ ಹಿಂದೆ ಜನ ತಮ್ಮವರ ಮೂಳೆ ಇಡುತ್ತಿದ್ದ ಪೆಟ್ಟಿಗೆ. ಒಂದು ಚಪ್ಪಡಿಯಲ್ಲಿ ಮಾತ್ರ ಗುಂಡಗೆ ಒಂದು ಕಿಂಡಿ ಕೊರೆದಿರುತ್ತಾರೆ. ಸಂಸೆಯ ಗೋರಿಯ ಕಿಂಡಿ ದಕ್ಷಿಣಕ್ಕಿದೆ. ಸಾವಿಗೂ ದಕ್ಷಿಣ ದಿಕ್ಕಿಗೂ ನಂಟು ಎಂಬ ಕಲ್ಪನೆ ಭದ್ರೆಯ ಈ ಕಣಿವೆಯಲ್ಲಿ ಯಮನ ಹೆಸರು ಯಾರೂ ಕೇಳುವ ಮೊದಲೇ ಇತ್ತು. 'ದಕ್ಷಿಣಾಭಿಮುಖ ಗೋರಿ: ಒಂದು ವಿವೇಚನೆ', ಸಾವಿರದ ಒಂಬೈನೂರ ತೊಂಬತ್ತೆರಡು, ನಕ್ಷೆ ಸಹಿತ. ಅವನು ಬರೆದದ್ದು ಅದೊಂದೇ. ಅದರ ಬಲದಿಂದ ಹಿರಿಯ ಶ್ರೇಣಿ ಸಿಕ್ಕಿತ್ತು, ಮೂವರು ವಿದ್ವಾಂಸರು ಅಡಿಟಿಪ್ಪಣಿಯಲ್ಲಿ ಅವನ ಹೆಸರು ಹಾಕಿದ್ದರು.

"ಅಂದ್ರೆ ಯಮ ಆಗ್ಲೇ ದಕ್ಷಿಣದಲ್ಲಿದ್ನಾ ಸಾರ್?" ಎಂದು ಕೇಳಿದ ಫಜಲುಲ್ಲಾ.

"ಯಮ ಆಮೇಲೆ ಬಂದ. ದಿಕ್ಕು ಮೊದಲೇ ಇತ್ತು," ಎಂದ ಮಲ್ಲಿಕಾರ್ಜುನಪ್ಪ. ಸೆಮಿನಾರುಗಳಲ್ಲಿ ಈ ವಾಕ್ಯ ಹೇಳಿ ಒಂದು ಗುಟುಕು ನೀರು ಕುಡಿಯುವುದು ಅವನ ಅಭ್ಯಾಸ. ಇಲ್ಲಿ ನೀರಿರಲಿಲ್ಲ, ಉಗುಳು ನುಂಗಿದ.

ಕಳಸ ದಾಟಿ ಸಂಸೆಯಲ್ಲಿ ರಸ್ತೆ ಬಿಟ್ಟು ಜೀಪು ಫೋರ್‌ವ್ಹೀಲ್ ಹಾಕಿಕೊಂಡು ಏರಿತು. ಗುಡ್ಡದ ಭುಜದ ಮೇಲೆ, ಸುಟ್ಟ ಹುಲ್ಲು ಮತ್ತೆ ಚಿಗುರುತ್ತಿದ್ದ ಕಡೆ, ಗೋರಿ ಇತ್ತು. ನೆನಪಿನಲ್ಲಿದ್ದದ್ದಕ್ಕಿಂತ ಬಹಳ ಚಿಕ್ಕದು. ಒಂದು ಚಪ್ಪಡಿ ಹೊರಕ್ಕೆ ವಾಲಿ ಒಳಹೊಗಲು ದಾರಿಯಾಗಿತ್ತು. ಅವನು ಇಲ್ಲಿಗೆ ಬಂದದ್ದು ಒಂದೇ ಸಲ, ತೊಂಬತ್ತೊಂದರ ಆಗಸ್ಟಿನಲ್ಲಿ, ಕ್ಲಾಸಿನವರನ್ನು ಕರಕೊಂಡು. ಆವತ್ತು ಮೋಡ ನೆಲದ ಮೇಲೇ ಕೂತಿತ್ತು, ತನ್ನ ಕೈ ತನಗೆ ಕಾಣುತ್ತಿರಲಿಲ್ಲ, ಎರಡು ಉಂಬಳ ಕಾಲಿಗೆ ಹತ್ತಿ ರಕ್ತ ಹೀರಿದ್ದವು ಎಂಬುದಷ್ಟೇ ನೆನಪು. ಆಮೇಲೆ ಬರಬೇಕು ಬರಬೇಕು ಎನ್ನುತ್ತಲೇ ಹನ್ನೆರಡು ವರ್ಷ ಕಳೆದಿತ್ತು.

"ಒಳಗೆ ಮಲಗಿ ಸರ್," ಎಂದಳು ಪ್ರೇಮಕುಮಾರಿ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸುತ್ತ. "ಆವತ್ತು ಮಲಗಿದ್ರಲ್ಲ, ಹಾಗೇ."

"ಯಾವತ್ತು?"

"ಅಯ್ಯೋ, ಮರೆತ್ರಾ? 'ಮೂರು ಸಾವಿರ ವರ್ಷದ ಹಿಂದಿನ ಮನುಷ್ಯ ಎಷ್ಟುದ್ದ ಇದ್ದ ನೋಡಿ' ಅಂತ ಒಳಗೆ ಹೋಗಿ ಉದ್ದಕ್ಕೆ ಮಲಗಿಬಿಟ್ರಿ. ಅಲ್ಲಿಂದಲೇ ಒಂದು ತಾಸು ಪಾಠ. ನಾವು ಛತ್ರಿ ಹಿಡಿದು ನಿಂತು ಗೋರಿಯೊಳಗಿಂದ ಬರೋ ದನಿ ಕೇಳ್ತಿದ್ವಿ. ನನಗೆ ಚಿತ್ರ ಮಾಡ್ಬೇಕು ಅಂತ ಹುಟ್ಟಿದ್ದೇ ಆವಾಗ."

ಅವನಿಗೆ ಏನೇನೂ ನೆನಪಾಗಲಿಲ್ಲ. ಬೇರೆ ಯಾರದೋ ಒಳ್ಳೆಯತನ ತನ್ನ ವಿಳಾಸಕ್ಕೆ ಬಂದಂತೆ ಮುಜುಗರವಾಯಿತು. ಇದೇ ಸೇಡಿರಬಹುದು, ಐವತ್ತೆರಡು ವರ್ಷದ, ಈಗ ತೊಂಬತ್ತು ಕಿಲೋ ತೂಗುವ ದೇಹವನ್ನು ಕಲ್ಲಿನ ಸಂದಿಗೆ ತುರುಕಿ ಫೋಟೋ ಹಿಡಿದು ಗೋಡೆಗೆ ನೇತುಹಾಕುವುದು. ಆಗಲಿ. ಚಪ್ಪಲಿ ಬಿಟ್ಟ, ಕನ್ನಡಕ ಜೇಬಿಗಿಟ್ಟ, ತಲೆ ಮೊದಲು ತೂರಿಸಿ ಅಂಗುಲ ಅಂಗುಲ ಒಳಗೆ ತೆವಳಿದ. ಒಳಗೆ ಮುಳ್ಳುಹಂದಿಯ ವಾಸನೆ ಇತ್ತು, ಬೆನ್ನಿಗೆ ಬಿಯರ್ ಬಾಟಲಿಯ ಮುಚ್ಚಳ ಒತ್ತುತ್ತಿತ್ತು. ಎದುರಿನ ಕಿಂಡಿಯಿಂದ ಬೆಳಗಿನ ಬಿಸಿಲು ನೇರ ಮುಖಕ್ಕೆ ಹೊಡೆಯಿತು.

"ಬಿಸಿಲು ಕಣ್ಣಿಗೆ ಚುಚ್ತಿದೆ," ಎಂದು ದೂರಿದ.

"ಚುಚ್ಚಲಿ ಸರ್, ಕಣ್ಣು ಮುಚ್ಚಿಕೊಳ್ಳಿ. ಮುಖದ ಮೇಲೆ ತಟ್ಟೆಯಷ್ಟಗಲ ಬೆಳಕು ಬಿದ್ದಿದೆ, ಬಹಳ ಚೆನ್ನಾಗಿದೆ."

ಕಣ್ಣು ಮುಚ್ಚಿದ. ಕ್ಯಾಮೆರಾ ಕ್ಲಿಕ್ ಎಂದಿತು, ಮತ್ತೆ ಕ್ಲಿಕ್ ಎಂದಿತು. ಈ ಕಲ್ಲಿನ ನಡುವೆ ಎಷ್ಟೋ ಜನ ಮೂಳೆಯಾಗಿ ಮಲಗಿದ್ದರು, ಅವರಿಗೆ ಯಾವ ಅಪಮಾನ ನೆನಪಿತ್ತೋ. ಈಗ ಹೇಳದಿದ್ದರೆ ಇನ್ನು ಹೇಳಲಾರೆ ಅನಿಸಿತು. ಮುಖ ಕಾಣದಿದ್ದದ್ದೂ ಒಳ್ಳೆಯದೇ ಆಯಿತು, ಆದರೂ ಅವನ ತಲೆ ತಾನಾಗಿ ತುಸು ಎಡಕ್ಕೆ ವಾಲಿತು.

"ಪ್ರೇಮಾ, ನಿನ್ನ ನೋಟ್ ಪುಸ್ತಕ ಹರಿದದ್ದು ನನ್ನದು ತಪ್ಪು ಕಣಮ್ಮ. ಹನ್ನೆರಡು ವರ್ಷದಿಂದ ಅದು ನನ್ನ ಕೊರೀತಾ ಇದೆ."

ಹೊರಗೆ ಸ್ವಲ್ಪ ಹೊತ್ತು ಸದ್ದಿಲ್ಲ. ಅತ್ತಳೇನೋ ಎಂದುಕೊಂಡ. ಅವಳು ಫಿಲ್ಮ್ ರೋಲು ಬದಲಾಯಿಸುತ್ತಿದ್ದಳು.

"ನನ್ನ ಪುಸ್ತಕವಾ? ನಾನು ಎಲ್ಲಿ ಪುಸ್ತಕ ತರ್ತಿದ್ದೆ ಸರ್! ಅದು ಮೇಘಶ್ರೀದು. ನನ್ನ ಪಕ್ಕ ಕೂರ್ತಿದ್ದಳಲ್ಲ, ಸಂಸೆಯವಳು. ಚಿತ್ರ ಬರೆದವಳೂ ಅವಳೇ. ನನಗೆ ಆಗ ಒಂದು ಗೆರೆ ನೆಟ್ಟಗೆ ಎಳೀಲಿಕ್ಕೆ ಬರ್ತಿರಲಿಲ್ಲ."

"ಮೇಘಶ್ರೀ," ಎಂದ ಅವನು ಕಲ್ಲಿಗೆ.

"ಈಗ ಕಳಸದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ, ಬಸ್‌ಸ್ಟ್ಯಾಂಡ್ ಹತ್ರ. ಮೊನ್ನೆ ಸಿಕ್ಕಿದ್ದಳು. ಆ ಹಾಳೆ ವಾಪಸ್ ಕೊಡಿ ಅಂತ ಮೂರು ಸಲ ನಿಮ್ಮ ಸ್ಟಾಫ್‌ರೂಮಿಗೆ ಬಂದಿದ್ದಳಲ್ಲ, ನೆನಪಿಲ್ವಾ?"

ಅವನು ಏಳಲು ಹೋದ. ಹಣೆ ಮೇಲಿನ ಚಪ್ಪಡಿಗೆ ಬಡಿಯಿತು. ಬದಿಗೆ ತಿರುಗಲು ಹೋದ, ಹೊಟ್ಟೆ ಸಿಕ್ಕಿಕೊಂಡಿತು. ಐದು ವರ್ಷ ಚೆನ್ನಾಗಿ ಸಾಕಿದ ಪಶ್ಚಾತ್ತಾಪ ತಪ್ಪು ಮನೆಯ ಬಾಗಿಲಲ್ಲಿ ಬಾಲ ಅಲ್ಲಾಡಿಸುತ್ತಿತ್ತು ಎಂಬುದಕ್ಕಿಂತ, ಈಗ ಹೊರಗೆ ಬರುವುದು ಹೇಗೆ ಎಂಬ ಗಾಬರಿಯೇ ದೊಡ್ಡದಾಯಿತು. ಪ್ಯಾಂಟಿನ ಗುಂಡಿ ಎಲ್ಲೋ ಕಿತ್ತು ಹಾರಿತು. ಫಜಲುಲ್ಲಾ ಬಂದು ಬಗ್ಗಿ ನೋಡಿದ, ಎರಡೂ ಪಾದ ಹಿಡಿದುಕೊಂಡ.

"ಉಸಿರು ಪೂರಾ ಬಿಡಿ ಸಾರ್. ಮಾತಾಡ್ಬೇಡಿ. ಗೇರ್‌ಬಾಕ್ಸ್ ಇಳಿಸಿದ ಹಾಗೆ ಇಳಿಸ್ತೀನಿ."

ಹೊರಗೆ ಬಂದಾಗ ಅಂಗಿ ಕುತ್ತಿಗೆಯವರೆಗೆ ಸರಿದಿತ್ತು. ಪ್ರೇಮಕುಮಾರಿ ಅದನ್ನೂ ತೆಗೆದಳು. ಅವನು ಬೇಡವೆನ್ನಲಿಲ್ಲ.

ಅವಳು ಗುಡ್ಡದ ಫೋಟೋಗಳನ್ನೂ ತೆಗೆದು ಮುಗಿಸಿ, ಮೂವರೂ ಇಳಿಯುವಾಗ ಹನ್ನೊಂದು ದಾಟಿತ್ತು. ಮಲ್ಲಿಕಾರ್ಜುನಪ್ಪ ಮೇಘಶ್ರೀಯ ಮುಖವನ್ನು ನೆನಪಿಗೆ ಎಳೆದು ತರಲು ನೋಡಿದ, ಬರಲಿಲ್ಲ. ಬಂದದ್ದು ಒಂದು ಛತ್ರಿ. ಸ್ಟಾಫ್‌ರೂಮಿನ ಬಾಗಿಲಲ್ಲಿ ಮಡಚಿ ಹಿಡಿದ ಛತ್ರಿ, ಅದರಿಂದ ಸಿಮೆಂಟಿನ ಮೇಲೆ ತೊಟ್ಟಿಕ್ಕಿ ಹರಡುತ್ತಿದ್ದ ನೀರು, ಆ ನೀರು ತನ್ನ ಕುರ್ಚಿಯ ಕಡೆಗೇ ಬರುತ್ತಿದೆ ಎಂಬ ಸಿಟ್ಟು, ಮತ್ತು ತನ್ನದೇ ದನಿ: "ಯಾವ ಹಾಳೆ?" ಈ ಎರಡು ಮಾತು ಇಷ್ಟು ವರ್ಷ ಎಲ್ಲಿದ್ದವೋ. ಸ್ಟಾಫ್‌ರೂಮಿನ ಕಥೆಯಲ್ಲಂತೂ ಇರಲಿಲ್ಲ.

ಕಳಸದಲ್ಲಿ ಜೀಪು ನಿಲ್ಲಿಸಲು ಹೇಳಿದ. "ನಾನು ಬರಲ್ಲ ಸರ್," ಎಂದಳು ಪ್ರೇಮಕುಮಾರಿ. "ಕ್ಯಾಮೆರಾ ಕೈಯಲ್ಲಿದ್ರೆ ನನಗೆ ನಾಚಿಕೆ ಇರಲ್ಲ, ಅದನ್ನೂ ತೆಗೆದುಬಿಡ್ತೀನಿ. ನಾವಿಬ್ಬರೂ ಊಟ ಮಾಡ್ತಿರ್ತೀವಿ."

ಅಂಗಡಿ ಅವನಿಗೆ ಗೊತ್ತಿದ್ದದ್ದೇ. ಚುನಾವಣೆ ಡ್ಯೂಟಿಗೆ ಬಂದಾಗ ಎರಡು ಸಲ ಇಲ್ಲೇ ಜೆರಾಕ್ಸ್ ಮಾಡಿಸಿದ್ದ, ಹಾಳೆ ಕೊಟ್ಟ ಕೈಯಿಂದ ಮೇಲಕ್ಕೆ ಕತ್ತೆತ್ತಿ ನೋಡಿರಲಿಲ್ಲ. ಮೂವತ್ತು ದಾಟಿದ, ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡ ಹೆಂಗಸು ಕಂಪ್ಯೂಟರಿನ ಮುಂದೆ ಯಾರದೋ ಪಹಣಿಯ ಅರ್ಜಿ ಟೈಪ್ ಮಾಡುತ್ತಿದ್ದಳು. ಅವನನ್ನು ನೋಡಿ ಎದ್ದು ನಿಂತಳು, ಕ್ಲಾಸಿನಲ್ಲಿ ಎದ್ದ ಹಾಗೆ.

"ಕೂತ್ಕೊಳ್ಳಿ ಸರ್. ಹಣೆ ಊದಿದೆಯಲ್ಲ."

ಅವನು ಕೂರಲಿಲ್ಲ. ದಾರಿಯಲ್ಲಿ ಸಿದ್ಧಮಾಡಿಕೊಂಡ ವಾಕ್ಯ ಹೇಳಿದ: ಚಿತ್ರ ಹರಿದದ್ದು ತಪ್ಪು, ಆವತ್ತು ಆಡಿದ ಮಾತು ಇನ್ನೂ ದೊಡ್ಡ ತಪ್ಪು, ನೀನು ಕಾಲೇಜು ಬಿಟ್ಟದ್ದು ಅದರಿಂದಲೇ ಆಗಿದ್ದರೆ...

"ಅಷ್ಟೆಲ್ಲ ಇಲ್ಲ ಸರ್," ಅಂದಳು. "ಬಿ.ಎ. ಮುಗಿಸಿದೆ. ನಿಮ್ಮ ಪೇಪರಿನಲ್ಲೇ ಅರವತ್ತೆರಡು ಬಂದಿತ್ತು. ಕಾಫಿ ನಮ್ಮನೇಲಿ ಮೊದಲೂ ಕುಯ್ತಿದ್ವಿ, ಈಗಲೂ ಕುಯ್ತೀವಿ. ಚಿತ್ರ ಹರಿದದ್ದಕ್ಕೆ ನನಗೆ ಬೇಜಾರೇ ಇಲ್ಲ, ನಾನು ಬರೆದದ್ದೂ ಸರಿಯಲ್ಲ. ನಾನು ಕೇಳ್ಳಿಕ್ಕೆ ಬಂದದ್ದು ಹಾಳೆಯ ಇನ್ನೊಂದು ಮಗ್ಗುಲಿಗೆ."

ಮೇಜಿನ ಖಾನೆ ಎಳೆದು ಒಂದು ಜೆರಾಕ್ಸ್ ಪ್ರತಿ ತೆಗೆದಳು. 'ದಕ್ಷಿಣಾಭಿಮುಖ ಗೋರಿ: ಒಂದು ವಿವೇಚನೆ'. ನಾಲ್ಕು ವರ್ಷದ ಹಿಂದೆ ಸಂಶೋಧನೆಯ ಹುಡುಗನೊಬ್ಬ ಇದನ್ನು ಕಾಪಿ ಮಾಡಿಸಲು ಬಂದಿದ್ದನಂತೆ. ಸಂಸೆ ಎಂಬ ಹೆಸರು ಕಂಡು ತನಗೂ ಒಂದು ಪ್ರತಿ ತೆಗೆದುಕೊಂಡಿದ್ದಳು. ಎರಡನೇ ಪುಟದ ನಕ್ಷೆಯ ಮೇಲೆ ಬೆರಳಿಟ್ಟಳು. "ಇದು ನಂದು ಸರ್. ಆ ಗುಡ್ಡ ನಮ್ಮ ಅಜ್ಜನ ದನ ಮೇಯ್ತಿದ್ದ ಜಾಗ. ಟ್ರಿಪ್ ಆದ ಮೇಲೆ ನಾನೊಬ್ಬಳೇ ಮತ್ತೆ ಹೋಗಿ, ಬಿಸಿಲು ಬಿದ್ದ ದಿನ ನೋಡಿ, ಗೇಣಲ್ಲಿ ಅಳೆದು ಬರೆದದ್ದು. ನಿಮಗೆ ತೋರಿಸ್ಬೇಕು ಅಂತಲೇ ಪುಸ್ತಕ ತಂದಿದ್ದೆ. ಕೂತಿದ್ದಾಗ ಪಾಠ ಬೋರಾಯ್ತು, ಹಿಂದೆ ಚಿತ್ರ ಬರೆದೆ."

ಆಗ ಎಲ್ಲವೂ ಒಟ್ಟಿಗೆ ಬಂತು. ಬಂದದ್ದಲ್ಲ, ಅದು ಎಲ್ಲಿಗೂ ಹೋಗಿರಲೇ ಇಲ್ಲ. ಆ ರಾತ್ರಿ ಊಟದ ತಟ್ಟೆ ಸರಿಸಿ, ಚಿತ್ರದ ಭಾಗ ಹರಿದೆಸೆದ ಮೇಲೆ ಕಿಸೆಗೆ ಸೇರಿದ್ದ ಉಳಿದ ಹಾಳೆ ತೆಗೆದು ಬಿಡಿಸಿದ್ದು, ಗೇಣಿಗೆ ಒಂಬತ್ತು ಅಂಗುಲದ ಲೆಕ್ಕದಲ್ಲಿ ಅಡಿಗೆ ಪರಿವರ್ತಿಸಿದ್ದು, ಎಷ್ಟು ನೀಟಾಗಿ ಅಳೆದಿದ್ದಾಳೆ ಎಂದು ಬೆರಗಾಗಿದ್ದು, ಬೆರಗಾದ ಮರುಗಳಿಗೆಯೇ ಅವಳ ಹೆಸರು ಇದ್ದ ಮೂಲೆಯ ಮೇಲೆ ಸ್ಕೇಲು ಇಟ್ಟು ನೀಟಾಗಿ ಹರಿದು ತೆಗೆದದ್ದು. ಚಿತ್ರ ಹರಿದ ತಪ್ಪನ್ನು ಅಷ್ಟು ಜೋರಾಗಿ ಎಲ್ಲರಿಗೂ ಹೇಳುತ್ತ ಬಂದದ್ದು ಈ ಸದ್ದಿಲ್ಲದ ಸ್ಕೇಲನ್ನು ಯಾರೂ ಕೇಳದಿರಲಿ ಎಂದಿರಬೇಕು.

"ಕದ್ದದ್ದು ಬಿಡಿ," ಅಂದಳು ಅವಳು, ಕಾಫಿ ಬೆಲೆ ಹೇಳುವ ದನಿಯಲ್ಲಿ. "ತಪ್ಪಾಗಿ ಕದ್ದಿದ್ದೀರಿ, ಅದು ನನಗೆ ತಡೀಲಿಕ್ಕಾಗಲಿಲ್ಲ. ಕಿಂಡಿ ದಕ್ಷಿಣಕ್ಕೆಲ್ಲಿದೆ ಸರ್? ಮೂಡಕ್ಕಿದೆ."

"ನಕ್ಷೆಯಲ್ಲಿ ಕೆಳಗಡೆ..."

"ನಾನು ಕಿಂಡಿಯ ಮುಂದೆ ಕೂತು ಬರೆದದ್ದು. ನನಗೆ ಹತ್ತಿರ ಇದ್ದ ಕಿಂಡಿ ಹಾಳೆಯ ಕೆಳಗೆ ಬಂತು. ಅದರ ಕೆಳಗೆ ಒಂದು ಸೂರ್ಯ ಬರೆದು 'ಮೂಡು' ಅಂತ ಹಾಕಿದ್ದೆ. ಆ ಸೂರ್ಯನ ಬೆನ್ನಿಗೇ ನಿಮ್ಮ ಚಿತ್ರ ಇತ್ತು. ನೀವು ಹರಿದು ಬಿಸಾಕಿದ್ದು ಅದೇ ತುಂಡು."

ಮಲ್ಲಿಕಾರ್ಜುನಪ್ಪ ಕೂತ. ಮೇಲೆ ಉತ್ತರ, ಕೆಳಗೆ ದಕ್ಷಿಣ. ಹೈಸ್ಕೂಲಿನ ಭೂಪಟದಲ್ಲಿ ಕಲಿತದ್ದು. ಅದರ ಮೇಲೆ ಯಮ, ಯಮನ ಮೇಲೆ ವಿವೇಚನೆ, ವಿವೇಚನೆಯ ಮೇಲೆ ಮೂವರು ವಿದ್ವಾಂಸರು. ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ಸೂರ್ಯನೇ ಖುದ್ದಾಗಿ ಆ ಕಿಂಡಿಯಲ್ಲಿ ಬಂದು ಮುಖಕ್ಕೆ ಹೊಡೆದಾಗಲೂ ಕಣ್ಣು ಮುಚ್ಚಿಕೊಂಡು ತನ್ನ ಬಗ್ಗೆಯೇ ಯೋಚಿಸುತ್ತಿದ್ದ. ಅಳು ಬಂತು ಎಂದುಕೊಂಡ, ಆದರೆ ಹೊರಗೆ ಬಂದದ್ದು ನಗು, ಕೆಟ್ಟ ಬಿಕ್ಕಳಿಕೆಯಂಥ ನಗು. ಅವಳು ನಗಲಿಲ್ಲ. ನೀರು ಕೊಟ್ಟಳು.

"ತಿದ್ದುಪಡಿ ಕಳಿಸ್ತೀನಿ," ಅಂದ. "ಪತ್ರಿಕೆಗೆ. ಇವತ್ತೇ."

"ಹೇಳಿ ಸರ್, ಟೈಪ್ ಮಾಡ್ತೀನಿ." ಪಹಣಿಯ ಅರ್ಜಿ ಮುಚ್ಚಿ ಹೊಸ ಪುಟ ತೆರೆದಳು.

ಮಲ್ಲಿಕಾರ್ಜುನಪ್ಪ ಗಂಟಲು ಸರಿಮಾಡಿಕೊಂಡ. "ಸಂಪಾದಕರಿಗೆ. ನನ್ನ ಲೇಖನದಲ್ಲಿ ಒಂದು ದೋಷ ನುಸುಳಿದೆ."

ಅವಳ ಬೆರಳು ನಿಂತಿತು. "ಎಲ್ಲಿಂದ ನುಸುಳಿತು ಸರ್?"

"ಹಾಗೆ ಬರೆಯೋದು ವಾಡಿಕೆ. ಸರಿ, ಅದು ಬೇಡ. ದಿಕ್ಕನ್ನು ತಪ್ಪಾಗಿ ಗ್ರಹಿಸಲಾಗಿದೆ."

"ಯಾರು ಗ್ರಹಿಸಿದ್ದು ಅಂತ ಹಾಕ್ಲಾ? ಯಾರು, ಏನು ಮಾಡಿದ್ದು ಅಂತ ಇಲ್ಲದಿದ್ರೆ ಅರ್ಜಿ ವಾಪಸ್ ಬರುತ್ತೆ ಸರ್. ದಿನಾ ನೋಡ್ತೀನಿ."

ಕುಹಕ ಇದೆಯೇ ಎಂದು ಅವಳ ಮುಖ ನೋಡಿದ. ಇರಲಿಲ್ಲ. ನಿಜವಾಗಿಯೂ ಅರ್ಜಿ ವಾಪಸ್ ಬಾರದಿರಲಿ ಎಂಬ ಕಾಳಜಿಯೇ ಇತ್ತು. ಇಪ್ಪತ್ತೈದು ವರ್ಷ ಪಾಠ ಮಾಡಿದ ಭಾಷೆಯಲ್ಲಿ 'ನಾನು' ಎಂದು ಶುರುವಾಗುವ ಒಂದು ಸಣ್ಣ ವಾಕ್ಯ ಅವನಿಗೆ ಸಿಗುತ್ತಿರಲಿಲ್ಲ. ಒಬ್ಬ ರೇಷನ್ ಕಾರ್ಡು ಹಿಡಿದು ಬಂದು, ಜೆರಾಕ್ಸ್‌ಗೆ ಕಾಯುತ್ತ, ಅವನ ಹೆಗಲ ಮೇಲಿಂದ ಪರದೆ ಓದತೊಡಗಿದ.

"ನಾನು," ಅಂದ ಮಲ್ಲಿಕಾರ್ಜುನಪ್ಪ. "ಸಂಸೆಯ ಮೇಘಶ್ರೀ ಎಂಬ ನನ್ನ ವಿದ್ಯಾರ್ಥಿನಿ ಅಳೆದು ಬರೆದ ನಕ್ಷೆಯನ್ನು ನನ್ನದೆಂದು ಅಚ್ಚು ಹಾಕಿಸಿದೆ. ಅವಳು... ಅವರು ಮೂರು ಸಲ ಕೇಳಿದಾಗ ಯಾವ ಹಾಳೆ ಎಂದೆ. ಆ ನಕ್ಷೆಯಲ್ಲಿ ದಿಕ್ಕು ಬರೆದಿದ್ದ ಭಾಗವನ್ನು ನಾನೇ ಹರಿದಿದ್ದೆ. ಕಿಂಡಿ ಇರುವುದು ಪೂರ್ವಕ್ಕೆ. ದಕ್ಷಿಣ ದಿಕ್ಕಿನ ಬಗ್ಗೆ ನಾನು ಬರೆದದ್ದೆಲ್ಲ ತಪ್ಪು."

ಕೀಲಿಮಣೆಯ ಟಕಟಕ ಅವನ ಮಾತಿನ ಹಿಂದೆಯೇ ಬಂದು ನಿಂತಿತು. "ಕೊನೇಲಿ 'ತಮ್ಮ ನಂಬುಗೆಯ' ಅಂತ ಬೇಕಾ ಸರ್?" ಎಂದು ಕೇಳಿದಳು. ಬೇಡ ಅಂದ. ಪ್ರಿಂಟು ಬಂತು, ಸಹಿ ಹಾಕಿದ. ಅವಳು ಓದಿ, ತನ್ನ ಹೆಸರಿದ್ದ ಸಾಲಿನ ಮೇಲೆ ಒಂದು ಕ್ಷಣ ನಿಂತು, ಕೇಳಿದಳು: "ಇದನ್ನ ಅವರು ಹಾಕ್ತಾರಾ?"

ಸುಳ್ಳು ಹೇಳಬಹುದಿತ್ತು. "ಹಾಕಲಿಕ್ಕಿಲ್ಲ. ಆ ಪತ್ರಿಕೆ ನಿಂತು ಮೂರು ವರ್ಷ ಆಯ್ತೇನೋ."

"ಹಾಗಾದ್ರೆ ಇಲ್ಲೊಂದು ಹಚ್ತೀನಿ," ಎಂದು ಕಾಪಿ ತೆಗೆದು, ಅಂಗಡಿಯ ಗಾಜಿನ ಹೊರಮೈಗೆ ಅಂಟಿಸಿದಳು. ಅಲ್ಲಿ ಆಗಲೇ ಇಬ್ಬರ ಉತ್ತರಕ್ರಿಯೆಯ ನೋಟೀಸು, ಕಾಳುಮೆಣಸು ಕೊಳ್ಳುವವರ ಫೋನ್ ನಂಬರು, ಬಸ್ಸಿನ ವೇಳಾಪಟ್ಟಿ ಇದ್ದವು. ಮಲ್ಲಿಕಾರ್ಜುನಪ್ಪ ರಸ್ತೆಗಿಳಿದು ತಲೆ ತಗ್ಗಿಸಿ ಜೀಪಿಗೆ ಕಾಯುತ್ತ ನಿಂತ. ಇಡೀ ಕಳಸ ಓದುತ್ತಿದೆ ಎನಿಸಿತು. ರೇಷನ್ ಕಾರ್ಡಿನವನು ಹೊರಗೆ ಬಂದು ಇನ್ನೊಂದು ಸಲ ಪೂರ್ತಿ ಓದಿ, ಅವನನ್ನು ನೋಡಿ, ಬಸ್‌ಸ್ಟ್ಯಾಂಡಿನ ಕಡೆ ಹೋದ. ಕೈಚೀಲ ಹಿಡಿದ ಒಬ್ಬ ಮುದುಕಿ ಬಂದು ಹೊಸ ಹಾಳೆಯ ಮುಂದೆ ನಿಂತಳು. ಓದು ಬರುತ್ತಿರಲಿಲ್ಲ, ಕಾಗದ ಬೆಳ್ಳಗಿರುವುದು ಮಾತ್ರ ಕಾಣುತ್ತಿತ್ತು.

"ಯಾರು ಮಾರಾಯಾ ತೀರಿಕೊಂಡದ್ದು?"

"ಯಾರೂ ತೀರಿಕೊಂಡಿಲ್ಲ ಅಮ್ಮ," ಎಂದ ಮಲ್ಲಿಕಾರ್ಜುನಪ್ಪ. "ನಾನೊಂದು ತಪ್ಪು ಮಾಡಿದ್ದೆ. ಒಬ್ಬ ಹುಡುಗಿ ಮಾಡಿದ ಕೆಲಸ ನನ್ನದು ಅಂದಿದ್ದೆ. ಅದನ್ನ ಬರೆದು ಹಚ್ಚಿದ್ದು."

ಮುದುಕಿ ಅವನ ಊದಿದ ಹಣೆಯನ್ನೂ ಗುಂಡಿಯಿಲ್ಲದ ಪ್ಯಾಂಟನ್ನೂ ನೋಡಿದಳು.

"ಅಷ್ಟೇಯಾ?" ಅಂದಳು. ನಿರಾಸೆಯಾದಂತಿತ್ತು. "ಹಾಗಾದ್ರೆ ಹೊರನಾಡಿನ ಬಸ್ಸು ಎಷ್ಟು ಹೊತ್ತಿಗೆ ಅಂತ ನೋಡಿ ಹೇಳು."

ಅವನು ಗಾಜಿನ ಹತ್ತಿರ ಹೋದ. ಮೇಘಶ್ರೀ ಅವನ ಹಾಳೆಯನ್ನು ಸರಿಯಾಗಿ ವೇಳಾಪಟ್ಟಿಯ ಮೇಲೆಯೇ ಅಂಟಿಸಿದ್ದಳು. ಗೋಂದು ಇನ್ನೂ ಹಸಿಯಿತ್ತು. ಹರಿಯದ ಹಾಗೆ, ಎರಡು ಬೆರಳಲ್ಲಿ ಮೂಲೆ ಹಿಡಿದು ಮೆಲ್ಲಗೆ ಎತ್ತಿ, ಕೆಳಗಿನ ಸಾಲು ಓದಿ ಹೇಳಿದ: "ಹನ್ನೆರಡೂವರೆ ಅಮ್ಮ. ಇನ್ನೇನು ಬರುತ್ತೆ."